ನಾವು ಉಳಿಸಿದ ಗೋಡೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬಾಣಂತಿ ಕೋಣೆಯ ಬಾಗಿಲು ತೆರೆಯಲಿಲ್ಲ. ನಾದಿನಿಗೆ ಮೂರಕ್ಕೆ ಗುಳಿಗೆ ಕೊಡಬೇಕಿತ್ತು. ತಡವಾಯಿತೆಂದು ಮೊಬೈಲ್ ನೋಡಿಕೊಂಡೇ ಎದ್ದಿದ್ದೆ, ಹಾಗಾಗಿ ಹೊತ್ತು ನೆನಪಿದೆ. ಒಂದು ಕೈಯಲ್ಲಿ ಬಿಸಿನೀರಿನ ಲೋಟ ಹಿಡಿದು ಇನ್ನೊಂದು ಕೈಯಿಂದ ಬಾಗಿಲು ನೂಕಿದೆ. ಮಿಸುಕಲಿಲ್ಲ. ಅಗಳಿ ಹಾಕಿಕೊಂಡಿರಬೇಕೆಂದು ಕೂಗಿದೆ.

"ಅಗಳಿ ಹಾಕಿಲ್ರಿ ವೈನಿ," ಅಂದಳು ಒಳಗಿನಿಂದ. "ಜೋರಾಗಿ ದೂಡ್ರಿ, ಬರ್ತೈತಿ."

ಭುಜ ಕೊಟ್ಟು ದೂಡಿದೆ. ಬಾಗಿಲು ಅಂಗೈ ಅಗಲ ಸರಿದು, ಮೇಲಿನ ಚೌಕಟ್ಟಿಗೆ ಕಚ್ಚಿಕೊಂಡು ನಿಂತುಬಿಟ್ಟಿತು. ಸಂದಿಯಿಂದ ಹಳೆಯ ಮಣ್ಣಿನ ಧೂಳು ಮುಖಕ್ಕೆ ಹೊಡೆಯಿತು. ಅದರ ಹಿಂದೆಯೇ ಒಂದು ಸಪ್ಪಳ. ಯಾರೋ ಚೀಲದ ಬಾಯಿ ಬಿಚ್ಚಿ ಕಾಳು ಸುರಿದ ಹಾಗೆ, ಸರ್ ಎಂದು, ಒಂದೇ ಗಳಿಗೆ. ಕಾಳು ಸುರಿಯುವವರು ಆಗ ಮನೆಯಲ್ಲಿ ಯಾರೂ ಇರಲಿಲ್ಲ.

"ವೈನಿ," ಅಂದಳು ಅವಳು. ದನಿ ಬೇರೆಯಾಗಿತ್ತು. "ಹಿತ್ತಲ ಗ್ವಾಡಿ ಹೊಟ್ಟಿ ಮುಂದ ಮಾಡೇತ್ರಿ."

ಆ ಗೋಡೆಯ ಆಚೆ ಇದ್ದದ್ದು ನಮ್ಮ ಹೊಸ ಕಾಳಿನ ಗೋದಾಮು.

ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದಿ ಅಣ್ಣಿಗೇರಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದವಳು. ಆ ಗೋದಾಮಿನ ಅಳತೆ ಹೇಗೆ ಗೊತ್ತಾಯಿತು ಎಂಬುದನ್ನು ಎದುರಿಗೇ ನಿಂತು ನೋಡಿದ್ದೇನೆ. ಕಡಲೆ ಇನ್ನೂ ಹೊಲದಲ್ಲಿ ಹೂವಾಗಿದ್ದಾಗ ನನ್ನ ಗಂಡ ಹಿತ್ತಲಲ್ಲಿ ಒಂದು ಬಾವಿ ಹಗ್ಗ ತಂದು ಹಾಕಿದ. ತರಿಸಿದ ಇಟ್ಟಿಗೆಯಲ್ಲಿ ನಲವತ್ತೆಂಟು ಅಡಿ ಉದ್ದದ ಗೋಡೆ ಏಳುತ್ತದೆ ಎಂಬುದು ಅವನ ಅಂದಾಜು. ಹಗ್ಗವನ್ನೂ ಅಷ್ಟಕ್ಕೇ ಕತ್ತರಿಸಿದ್ದ. ಮೊದಲು ಅದರ ಎರಡು ತುದಿ ಕೂಡಿಸಿ ನಾಲ್ಕು ಗೂಟಕ್ಕೆ ಸುತ್ತಿದ. ಹನ್ನೆರಡು ಅಡಿಯ ಚೌಕ ಆಯಿತು. ಉದ್ದುದ್ದ ಎಳೆದು ನೋಡಿದ, ಒಳಗಿನ ಜಾಗ ಇನ್ನೂ ಇಕ್ಕಟ್ಟಾಯಿತು. ಮಾವನವರು ಕಟ್ಟೆಯ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತ ನೋಡುತ್ತಿದ್ದರು.

ಆಮೇಲೆ ಅವನು ಗೂಟ ಕಿತ್ತ. ಹಗ್ಗದ ಎರಡೂ ತುದಿಗಳನ್ನು ನಮ್ಮ ಮನೆಯ ಹಿಂಗೋಡೆಗೆ ತಾಗಿಸಿದ. ಈಗ ಹಗ್ಗ ಮೂರು ಬದಿಗಷ್ಟೇ ಸಾಕು, ನಾಲ್ಕನೆಯದು ಮನೆಯ ಗೋಡೆ. ಅಗಲ ಹನ್ನೆರಡು, ಉದ್ದ ಇಪ್ಪತ್ನಾಲ್ಕು. ಚೌಕದಲ್ಲಿ ಹಿಡಿದದ್ದರ ಎರಡರಷ್ಟು ಜಾಗ ಅದೇ ಹಗ್ಗದೊಳಗೆ ಬಂತು. ಹದಿನಾರು ಹದಿನಾರಕ್ಕೂ ಹಾಕಿ ನೋಡಿದ, ಕಡಿಮೆಯಾಯಿತು. ನಾನೂ ಫೋನಿನಲ್ಲಿ ಗುಣಿಸಿ ನೋಡಿದೆ. ಮನೆಯ ಗೋಡೆಗೆ ಅಂಟಿದ ಬದಿ ಇನ್ನೊಂದರ ಎರಡರಷ್ಟಿದ್ದರೆ ಅದಕ್ಕಿಂತ ಹೆಚ್ಚು ಜಾಗ ಬೇರೆ ಯಾವ ಆಯತದಲ್ಲೂ ಸಿಗುವುದಿಲ್ಲ. ಲೆಕ್ಕ ಸರಿಯಾಗಿತ್ತು. ಇವತ್ತಿಗೂ ಸರಿಯಾಗಿಯೇ ಇದೆ.

ಬಾಜು ಮನೆಯ ಕಾಕಾ, ಟ್ರ್ಯಾಕ್ಟರ್ ಇಟ್ಟುಕೊಂಡವರು, ನಮಾಜು ಮುಗಿಸಿ ಟೊಪ್ಪಿಗೆ ಮಡಿಚುತ್ತ ಬಂದು ನಿಂತಿದ್ದರು.

"ಏನ್ರೀ ಗೌಡ್ರ, ನಿಮ್ಮ ಮಗಾ ಹಾಡಹಗಲ ಒಂದ್ ಗ್ವಾಡಿ ಕದ್ದನಲ್ಲ."

"ಸ್ವಂತ ಮನೀದ ಕದ್ರ ಕಳವು ಅನ್ನಂಗಿಲ್ಲೋ ಮಾರಾಯಾ," ಅಂದರು ಮಾವನವರು. "ಎರಡ ಮೊಳ ದಪ್ಪ ಐತಿ ಅದು. ನಮ್ಮಜ್ಜ ಕಟ್ಟಿದ್ದು. ಆನಿ ಒರಗಿದ್ರೂ ಅಲ್ಲಾಡಂಗಿಲ್ಲ."

ಎತ್ತರದ ಮಾತು ಬಂದಾಗಲೂ ಹಾಗೆಯೇ. ಎಂಟು ಅಡಿಗೆ ನಿಲ್ಲಿಸಿದರೂ ಹನ್ನೊಂದಕ್ಕೆ ಏರಿಸಿದರೂ ಪಾಯ ಅಷ್ಟೇ, ಮೇಲೆ ಹೊದಿಸುವ ತಗಡಿನ ಪತ್ರಾಸ ಅಷ್ಟೇ. ಇನ್ನಷ್ಟು ಇಟ್ಟಿಗೆ ತರಿಸಿದರಾಯಿತು, ಏರಿಸಿದರೆ ಲಾಭ. ಏರಿಸಿದರು. ಬಾಣಂತಿ ಕೋಣೆಗೆ ಹಿತ್ತಲ ಕಡೆ ಒಂದು ಪುಟ್ಟ ಕಿಟಕಿ ಇತ್ತು, ಅದು ಈಗ ಗೋದಾಮಿನೊಳಗೆ ತೆರೆಯುವಂತಾದ್ದರಿಂದ ಇಟ್ಟಿಗೆ ಇಟ್ಟು ಮುಚ್ಚಿದರು. ಕಾಳು ಬಂದಾಗ ಚೀಲ ತುಂಬುವುದೋ ಬೇಡವೋ ಎಂದು ಮಾತಾಯಿತು. ಚೀಲ ಒಟ್ಟಿದರೆ ನಡುವೆ ಓಡಾಡಲು ದಾರಿ ಬಿಡಬೇಕು, ಆ ಜಾಗ ದಂಡ.

"ಹಗೇವಿನ್ಯಾಗ ಸುರದಂಗ ಸುರೀರಿ," ಅಂದರು ಮಾವನವರು.

ಈ ಒಂದು ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹೊರಳಿಸಿದ್ದೇನೋ. ಹಗೇವು ಎಂದರೆ ನೆಲದೊಳಗಿನ ಕಣಜ. ಕಿರಿದಾದ ಬಾಯಿಯ ಆಳದ ಗುಂಡಿ, ಒಳಗೆಲ್ಲ ಹುಲ್ಲು ಮೆತ್ತಿ ಜೋಳ ಸುರಿದು ಮೇಲೆ ಕಲ್ಲು ಮುಚ್ಚಿ ಮಣ್ಣು ಬಡಿಯುತ್ತಿದ್ದರು. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಕಾಳು ಇಟ್ಟದ್ದು ಹಾಗೆಯೇ. ಅಲ್ಲಿ ಕಾಳು ನಾಲ್ಕೂ ಕಡೆ ಒತ್ತುತ್ತದೆ, ನೆಲ ನಾಲ್ಕೂ ಕಡೆಯಿಂದ ತಿರುಗಿ ಒತ್ತುತ್ತದೆ. ಹೀಗಾಗಿ ಕಾಳು ಒತ್ತುತ್ತದೆ ಎಂಬುದನ್ನೇ ಈ ಮನೆಯವರು ಯಾರೂ ಕಂಡಿರಲಿಲ್ಲ. ಸುರಿದ ಕಾಳು ಸುಮ್ಮನೆ ಇರುತ್ತದೆ ಎಂದೇ ಎಲ್ಲರ ನಂಬಿಕೆ. ಕಡಲೆಯನ್ನು ಹನ್ನೊಂದು ಅಡಿಯ ಗೋಡೆಗೆ ತುಸುವೇ ಕೆಳಗಿನವರೆಗೆ ಸುರಿದರು. ಬೇಸಿಗೆಯೆಲ್ಲ ಅದು ಸುಮ್ಮನೆ ಇದ್ದಂತೆಯೇ ಕಂಡಿತು. ಮಿರಗದ ಮಳೆ ಹಿಡಿದ ಮೇಲೆ ಮಾಳಿಗೆಗೆ ಛಾವಣಿಯಾಗಿ ಹೊದಿಸಿದ ಮಣ್ಣು ನೆನೆದು ಭಾರವಾಯಿತು. ಒಳಗೆ ಬಾಣಂತಿಗೆ ದಿನಾ ಹಂಡೆಗಟ್ಟಲೆ ಎರೆದ ನೀರು ಮಣ್ಣಿನ ಗೋಡೆಯ ಬುಡಕ್ಕೆ ಇಳಿಯುತ್ತಿತ್ತು.

ಸಂದಿಗೆ ಮುಖವಿಟ್ಟು ನೋಡಿದೆ. ಕೋಣೆ ಚಿಕ್ಕದು. ನಾದಿನಿ ಹೊರಸಿನ ಮೇಲೆ ಕೂಸನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಅವಳಾಚೆ ಗೋಡೆ, ಎಣ್ಣೆ ಹಚ್ಚಿದ ಗರ್ಭಿಣಿಯ ಹೊಟ್ಟೆಯ ಹಾಗೆ, ನಡುವೆ ಉಬ್ಬಿತ್ತು. ಗೋಡೆಗೆ ಒರಗಿಸಿದ್ದ ಕಲಘಟಗಿಯ ತೊಟ್ಟಿಲು, ಅವಳ ಗಂಡನ ಮನೆಯವರು ಬಣ್ಣ ಬರೆಸಿ ಕಳಿಸಿದ್ದು, ಒಂದು ಕಾಲ ಮೇಲೆ ವಾಲಿಕೊಂಡಿತ್ತು. ಹೆಸರಿಡುವವರೆಗೆ ಕೂಸನ್ನು ತೊಟ್ಟಿಲಿಗೆ ಹಾಕಬಾರದೆಂದು ಅತ್ತೆ ಹಿಡಿದ ಹಟ. ಹೆಸರು ಇನ್ನೂ ಇಟ್ಟಿರಲಿಲ್ಲ.

"ಅಲ್ಲಿಂದ ಏಳ, ಬಾಗಲ ಕಡೆ ಬಾ," ಅಂದೆ. "ಸಾವಕಾಶ."

"ಹೊರಸಿನ ಬುಡಕ ಅಗ್ಗಿಷ್ಟಿ ಐತ್ರಿ."

ಅಗ್ಗಿಷ್ಟಿಗೆಯಲ್ಲಿ ಕೆಂಡ ನಿಗಿನಿಗಿ ಇತ್ತು. ಕಿಟಕಿ ಮುಚ್ಚಿದ ಕೋಣೆ, ಬಾಗಿಲೂ ಬಂದ್. ಲೋಟದ ನೀರನ್ನು ಸಂದಿಯಿಂದ ಕೊಟ್ಟೆ. ಅವಳು ಕೆಂಡಕ್ಕೆ ಸುರಿದಳು. ಹೊಗೆ ಎದ್ದಿತು, ಕೂಸು ಕೆಮ್ಮಿತು. ಎರಡನೆಯ ಲೋಟ ತರಲು ಓಡಿದೆ.

ಅತ್ತೆಯ ಕೂಗಿಗೆ ಮಾವನವರು ಬಂದರು. ಹೊಲದಿಂದ ಗಂಡ ಬಂದ. ಮೊರಬದಿಂದ ಆಗತಾನೇ ಮರಳಿದ್ದ ಕಾಕಾ ಟ್ರ್ಯಾಕ್ಟರ್ ಬಂದ್ ಮಾಡದೆ ಇಳಿದು ಬಂದರು. ಗಂಡನ ಕೈಯಲ್ಲಿ ಹಾರೆ. ಚೌಕಟ್ಟಿನ ಸಂದಿಗೆ ಚುಚ್ಚಲು ಎತ್ತಿದ್ದನ್ನು ಮಾವನವರು ಎರಡೂ ಕೈಯಿಂದ ಹಿಡಿದರು.

"ಲೇ ತಮ್ಮಾ, ಮ್ಯಾಲೆ ನೋಡ."

ನೋಡಿದೆವು. ಮಾಳಿಗೆಯ ತೊಲೆಗಳ ಒಂದು ತುದಿ ಹಿತ್ತಲ ಗೋಡೆಯ ಮೇಲಿದ್ದರೆ ಇನ್ನೊಂದು ತುದಿ ಈ ಬಾಗಿಲ ನೆತ್ತಿಯ ಮೇಲಿತ್ತು. ಗೋಡೆ ಒಳಗೆ ಬಂದಷ್ಟೂ ತೊಲೆ ಚೌಕಟ್ಟಿನ ಮೇಲೆ ಕೂತಿತ್ತು. ಬಾಗಿಲನ್ನು ಹಿಡಿದದ್ದು ಅದೇ. ಮಾಳಿಗೆಯನ್ನು ಹಿಡಿದದ್ದು ಈಗ ಆ ಚೌಕಟ್ಟು ಮಾತ್ರ.

"ಬೆಳಕಿಂಡಿಯಿಂದ ತಗೀರಿ," ಅಂದರು ಅತ್ತೆ. "ನಾ ಮಾಳಗಿ ಮ್ಯಾಲೆ ಹತ್ತತೇನಿ. ಕೂಸನ್ನರ ತಗೋತೇನಿ."

"ನೀ ಹತ್ತಿದ್ರ ನಿನ್ನ ಜೋಡಿ ಮಾಳಗೀನೂ ಇಳಿತೈತಿ," ಅಂದರು ಮಾವನವರು.

ಯಾರೋ ಜೆಸಿಬಿ ತರಿಸಿ ಅಂದರು. ಅದು ಬರುವ ನಡುಕಕ್ಕೇ ಗೋಡೆ ಬೀಳುತ್ತದೆ ಅಂದರು ಕಾಕಾ. ನಾನು ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಹೊರಟಿದ್ದೇವೆ ಅಂದರು. ಅವರು ಬರುವ ದಾರಿಯೆಲ್ಲ ನನಗೆ ಕಣ್ಣಿಗೆ ಕಟ್ಟಿತು, ಹಳ್ಳದ ಮೇಲಿನ ನೀರು, ಎರೆ ಮಣ್ಣಿನ ರಾಡಿ.

ಒಳಗೆ ಮತ್ತೆ ಸರ್ ಎಂದಿತು. ನಾದಿನಿ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಈಗ.

"ಮಾಡದಾಗಿನ ಹಣತಿ ಸರಿದೈತ್ರಿ," ಅಂದಳು. ಗೋಡೆಯ ಗೂಡಿನಲ್ಲಿ ದೀಪ ಇಡುತ್ತಿದ್ದೆವು. "ಅಂಚಿಗೆ ಬಂದೈತಿ."

"ಅದನ್ನ ನೋಡಬ್ಯಾಡ. ನನ್ನ ಮುಖಾ ನೋಡ."

"ಅದನ್ನ ನೋಡಿದ್ರ ಗ್ವಾಡಿ ಎಷ್ಟ ಬಂತು ಗೊತ್ತಾಗತೈತ್ರಿ ವೈನಿ."

ಗಂಡ ಹಾರೆಯನ್ನು ಕೆಳಗಿಟ್ಟು ನಿಂತಿದ್ದ. ಅವನು ಯೋಚನೆ ಮಾಡುತ್ತಿದ್ದ, ಅದು ಅವನ ಮುಖದಲ್ಲಿ ಕಾಣುತ್ತಿತ್ತು. ಆ ಯೋಚನೆಯ ಮುಖ ಕಂಡೇ ನನಗೆ ಸಿಟ್ಟು ಬಂತು. ಹಗ್ಗ ಹಿಡಿದು ನಿಂತಾಗಲೂ ಅದೇ ಮುಖ ಇತ್ತು.

"ಕಾಳು ಖಾಲಿ ಮಾಡಬೇಕು," ಅಂದ. "ಗೋಡೌನಿನ ಬಾಗಲಾ ಮೂಲ್ಯಾಗ ಐತಿ. ಅಲ್ಲಿ ತಗದ್ರ ಆ ಮೂಲಿದಷ್ಟ ಇಳಿತೈತಿ. ಇಲ್ಲೆ ನಟ್ಟನಡುವ, ಇವಳ ಎದುರಿಗೆ ಇಳೀಬೇಕು."

"ಅಂದ್ರ?" ಅಂದರು ಮಾವನವರು.

"ಹೊಸಾ ಗ್ವಾಡಿ ಒಡೀಬೇಕಪ್ಪಾ. ಆಚಿ ಕಡೀದು. ಉದ್ದಂದು."

ಮಾವನವರು ಹಾರೆ ಎತ್ತಿಕೊಂಡು ಹಿತ್ತಲಿಗೆ ನಡೆದರು.

ನಾನು ಬಾಗಿಲು ಬಿಡಲಿಲ್ಲ. ಆದ್ದರಿಂದ ಆಚೆ ನಡೆದದ್ದನ್ನು ಕಿವಿಯಿಂದಲೇ ಬಲ್ಲೆ. ಇಟ್ಟಿಗೆಗೆ ಹಾರೆ ತಾಗುವ ಸಪ್ಪಳ. ಒಂದೊಂದು ಪೆಟ್ಟಿಗೂ ಒಳಗೆ ಮೇಲಿನಿಂದ ಮಣ್ಣು ಉದುರುತ್ತಿತ್ತು, ನಾದಿನಿ ಕೂಸಿನ ಮೇಲೆ ಬಾಗಿ ಬೆನ್ನು ಕೊಡುತ್ತಿದ್ದಳು. ಆಮೇಲೆ ಇಟ್ಟಿಗೆ ಜಾರಿತು, ಕಡಲೆ ಹರಿಯತೊಡಗಿತು. ಮಳೆಗಾಲದಲ್ಲಿ ಹಳ್ಳ ಬಂದ ಹಾಗೆ. ಒಂದು ಹಿಂಗಾರಿನ ದುಡಿಮೆ ಹಿತ್ತಲ ರಾಡಿಗೆ ಸುರಿಯುತ್ತಿತ್ತು. ನನಗೆ ಆಗ ಅದಕ್ಕಿಂತ ಇಂಪಾದ ಸಪ್ಪಳ ಬೇರೆ ಇರಲಿಲ್ಲ.

ಅದು ನಿಂತಿತು.

"ಯಾಕ ನಿಂತತ್ರಿ?" ಅಂದಳು ಒಳಗಿನಿಂದ.

ಹಿತ್ತಲಿಂದ ಗಂಡನ ದನಿ ಕೇಳಿತು. ಕಾಳು ಒಡೆದ ಕಡೆಯಿಂದ ಇಳಿದು ಓರೆಯಾಗಿ ನಿಂತಿದೆ, ಉಳಿದ ರಾಶಿಯೆಲ್ಲ ಮನೆಯ ಗೋಡೆಗೇ ಒರಗಿದೆ. ಇನ್ನು ತಾನಾಗಿ ಹರಿಯುವುದಿಲ್ಲ. ಮೇಲೆ ಹತ್ತಿ ಎಳೆಯಬೇಕು. ಕಾಳಿನ ಮೇಲೆ ಕಾಲಿಟ್ಟರೆ ಮನುಷ್ಯ ಒಳಗೆ ಹೋಗುತ್ತಾನೆ. ಅವನು ಹತ್ತಿಯೇ ಬಿಟ್ಟಿದ್ದ. ಕಾಕಾ ಬೈಯುವುದು ಕೇಳಿಸಿತು.

"ಅರೇ ಮಬ್ಬಾ, ಹಲಗಿ ಹಾಕಿ ನಿಂದರ್ಲೇ. ನಿನ್ನೂ ಹಗೇವಿಗೆ ಹಾಕಿ ಮುಚ್ಚಬೇಕೇನು?"

ಟ್ರಾಲಿಯ ಹಿಂದಿನ ಹಲಗೆ ಕಿತ್ತು ಕಡಲೆಯ ಮೇಲೆ ಹಾಸಿದರು. ಓಣಿಯ ಜನ ಪುಟ್ಟಿ, ಸಲಕೆ ತಂದರು. ಗೋಡೆಯ ಹತ್ತಿರದಿಂದ ಮೇಲಿನ ಕಾಳನ್ನು ಈಚೆ ಎಳೆದು ಒಡೆದ ಬಾಯಿಂದ ಹೊರಗೆ ಚೆಲ್ಲತೊಡಗಿದರು.

ಅಷ್ಟರಲ್ಲಿ ನಾದಿನಿಯ ಫೋನ್ ರಿಂಗಾಯಿತು. ಹೊರಸಿನ ಮೇಲೆ, ಗೋಡೆಯ ಬದಿಗೇ ಬಿದ್ದಿತ್ತು. ಅವಳ ಗಂಡ. ನಾನು ಬೇಡ ಅನ್ನುವಷ್ಟರಲ್ಲಿ ಅವಳು ಕೂಸನ್ನು ಒಂದು ತೋಳಿಗೆ ಹಾಕಿಕೊಂಡು ಹೋಗಿ ತಂದಳು.

"ಕೂಸು ಮಲಗೇತ್ರಿ," ಅಂದಳು ಫೋನಿನಲ್ಲಿ. "ಹೂಂ, ಊಟ ಆತು. ಆಮ್ಯಾಲೆ ಮಾಡ್ರಿ."

ಫೋನ್ ಇಟ್ಟು ನನ್ನ ಕೈ ಹಿಡಿದಳು. ಸಂದಿಯಿಂದ ನನ್ನ ಕೈ ಮೊಣಕೈವರೆಗಷ್ಟೇ ಒಳಗೆ ಹೋಗುತ್ತಿತ್ತು. ಅವಳ ಬೆರಳುಗಳು ಬಾಣಂತಿಯ ಬೆರಳುಗಳಂತಿರಲಿಲ್ಲ, ತಣ್ಣಗಿದ್ದವು.

"ವೈನಿ, ಹಣತಿ ಬಿತ್ತಂದ್ರ ನಾ ಕೂಸನ್ನ ಈ ಸಂದ್ಯಾಗ ತುರಕತೇನಿ. ನೀವು ಎಳಕೋರಿ. ಕೈ ಕಾಲು ಏನರ ಆಗ್ಲಿ, ಎಳಕೋರಿ."

ಆ ಸಂದಿಯಲ್ಲಿ ಕೂಸು ಬರುತ್ತಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. ಹೂಂ ಅಂದೆ. ಇವತ್ತಿಗೂ ನಿದ್ದೆ ಹತ್ತುವ ಮುಂಚೆ ಆ ಸಂದಿಯ ಅಗಲ ನನ್ನ ಕಣ್ಣ ಮುಂದೆ ಬರುತ್ತದೆ. ಅಳೆಯುತ್ತೇನೆ, ಕೂಸಿನ ತಲೆಯನ್ನೂ ಅಳೆಯುತ್ತೇನೆ.

ಹಣತೆ ಬಿತ್ತು. ನೆಲಕ್ಕೆ ಬಿದ್ದ ಸಪ್ಪಳವೂ ಆಗಲಿಲ್ಲ, ಮೆತ್ತಗಿನ ಮಣ್ಣಿನ ರಾಶಿಯ ಮೇಲೆ ಕೂತಿತು. ಗೂಡಿನ ಬದಿಯಿಂದ ಒಂದು ಕಲ್ಲು ಉರುಳಿ ತೊಟ್ಟಿಲ ಮೇಲೆ ಬಿತ್ತು. ನಾದಿನಿ ಕೂಸನ್ನು ಸಂದಿಗೆ ತಂದಳು. ಅದರ ನೆತ್ತಿ ನನ್ನ ಅಂಗೈಗೆ ತಾಗಿತು, ಬಡಿಯುತ್ತಿತ್ತು. ನಾನು ಹಿತ್ತಲ ಕಡೆ ತಿರುಗಿ ಒದರಿದೆ, ಏನೆಂದು ಒದರಿದೆನೋ ಗೊತ್ತಿಲ್ಲ.

ಮಾವನವರು ಬಂದರು. ಮೈಯೆಲ್ಲ ಕಡಲೆಯ ಧೂಳು. ಕೈಯಲ್ಲಿ ಗರಗಸ.

"ಚೌಕಟ್ಟ ಮುಟ್ಟಂಗಿಲ್ಲ," ಅಂದರು, ಯಾರಿಗೋ ಅಲ್ಲ, ತಮಗೇ. "ಹಲಗಿ ಕೊಯ್ಯೂಣು."

ಬಾಗಿಲು ಹಳೆಯ ಸಾಗವಾನಿಯದು. ಕೆಳಗಿನ ಹಲಗೆಗಳನ್ನು ಸಂದಿಯ ಅಂಚಿನಿಂದ ಕೊಯ್ಯತೊಡಗಿದರು. ಕೊಯ್ಯುವಾಗ ಚೌಕಟ್ಟು ನರಳುತ್ತಿತ್ತು. ಒಂದು ಕೈಯಿಂದ ಅತ್ತೆ ಚೌಕಟ್ಟನ್ನು ಹಿಡಿದುಕೊಂಡಿದ್ದರು, ತಾವು ಹಿಡಿದರೆ ನಿಲ್ಲುತ್ತದೆ ಎಂಬಂತೆ. ನಾನೂ ಹಿಡಿದೆ. ಗಂಡ ರಾಶಿಯ ಮೇಲಿಂದ ಇಳಿಯದೆ ಕಾಳು ಎಳೆಯುತ್ತಲೇ ಇದ್ದ, ನಿಲ್ಲಿಸಿದರೆ ಗೋಡೆ ಬಂದೀತೆಂದು.

ಹಲಗೆ ಬಿಚ್ಚಿತು. ಕುಂಚಿಗೆಯಲ್ಲಿ ಸುತ್ತಿದ ಕೂಸು ಮೊದಲು ಬಂತು, ನನ್ನ ಕೈಯಿಂದ ಅತ್ತೆಯ ಸೆರಗಿಗೆ. ಆಮೇಲೆ ಅವಳು, ಹೊಟ್ಟೆಯ ಮೇಲೆ ತೆವಳಿಕೊಂಡು. ಎಲ್ಲರೂ ಅಂಗಳಕ್ಕೆ ಓಡಿದೆವು. ಕಾಕಾ ಗಂಡನನ್ನು ರಟ್ಟೆ ಹಿಡಿದು ಗೋದಾಮಿನಿಂದ ಹೊರಗೆಳೆದರು.

ಗೋಡೆ ಬಿದ್ದದ್ದು ಎಮ್ಮೆಗಳು ಮನೆಗೆ ಬರುವ ಹೊತ್ತಿಗೆ. ದೊಡ್ಡ ಸದ್ದೇನೂ ಆಗಲಿಲ್ಲ. ಅದರ ಜೊತೆ ಮಾಳಿಗೆಯೂ ಕೋಣೆಯೊಳಗೆ ಕುಸಿದು ಧೂಳು ಮೇಲೆ ಎದ್ದಿತು, ಅಷ್ಟೇ. ಅಗ್ನಿಶಾಮಕದ ಗಾಡಿ ಆಗ ಓಣಿಯ ತಿರುವಿಗೆ ಬಂದಿತ್ತು.

ಅಂದಿನಿಂದ ನಾವು ಕಾಕಾನ ಮನೆಯ ಪಡಸಾಲೆಯಲ್ಲಿ ಮಲಗಿದೆವು. ಮಲಗಿದೆವು ಎಂಬುದು ಮಾತಿಗೆ. ಬಾಗಿಲು ಹಾಕಲು ನಾದಿನಿ ಬಿಡುತ್ತಿರಲಿಲ್ಲ. ಕಾಕಾನ ಮನೆಯವರು ಬೆಳಗ್ಗೆ ಅಕ್ಕಿ ಕೇರಿದರೆ ಆ ಸಪ್ಪಳಕ್ಕೆ ಅವಳು ಕೂಸನ್ನೆತ್ತಿಕೊಂಡು ಬೀದಿಗೆ ಬಂದು ನಿಲ್ಲುತ್ತಿದ್ದಳು. ಅತ್ತೆ ಕೂತೇ ತೂಕಡಿಸುತ್ತಿದ್ದರು. ಗಂಡ ನನ್ನ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಬೆರಳಿನಲ್ಲಿ ಏನೋ ಲೆಕ್ಕ ಹಾಕುತ್ತಿದ್ದ. ನಮ್ಮ ಹಿತ್ತಲಲ್ಲಿ ರಾಡಿಗೆ ಬಿದ್ದ ಕಡಲೆ ಮೊಳೆತು ಹಸಿರಾಗಿತ್ತು. ಉಳಿದದ್ದು ತಾಡಪತ್ರಿಯ ಕೆಳಗಿತ್ತು. ಮಳೆ ಬಿಡುತ್ತಿರಲಿಲ್ಲ. ಕಾಳಿಗೆ ಒಂದು ಸೂರು ಬೇಕೇ ಬೇಕಿತ್ತು.

ಗಂಡ ಮತ್ತೆ ಅದೇ ಹಗ್ಗ ತಂದ. ಅದಕ್ಕೆ ಇನ್ನೊಂದು ತುಂಡು ಗಂಟು ಹಾಕಿದ್ದ, ಹದಿನಾರು ಅಡಿಯದು. ನಾಲ್ಕೂ ಗೋಡೆ ಅದರದೇ. ಹಾಗಿದ್ದಾಗ ಚೌಕವೇ ಮೇಲು, ಹದಿನಾರಕ್ಕೆ ಹದಿನಾರು. ಎತ್ತರ ಎಂಟೇ ಅಡಿ, ಕಾಳು ಚೀಲದಲ್ಲಿ, ಚೀಲ ಗೋಡೆಗೆ ತಾಗದಂತೆ. ಮೊದಲಿಗಿಂತ ಹೆಚ್ಚು ಗೋಡೆ, ಮೊದಲಿಗಿಂತ ಕಡಿಮೆ ಜಾಗ. ಇದನ್ನು ಹೇಳುವಾಗ ಅವನ ದನಿ ಕೆಳಗಿತ್ತು.

"ಮನಿಗೂ ಇದಕ್ಕೂ ನಡುವ ಎಷ್ಟ ಬಿಡ್ತೀ?" ಅಂದರು ಮಾವನವರು.

"ಎರಡು ಅಡಿ ಸಾಕಪ್ಪಾ. ಒಬ್ಬ ಮನಷ್ಯಾ ಅಡ್ಡಾಗಿ ಹೋದ್ರ ಆತು. ಹಿತ್ತಲಾ ಉಳಿತೈತಿ."

ನಾದಿನಿ ಕೂಸನ್ನು ನನ್ನ ಕೈಗೆ ಕೊಟ್ಟು ಕಾಕಾನ ಮನೆಗೆ ಹೋದಳು. ಬರುವಾಗ ತೊಟ್ಟಿಲು ಎಳೆದುಕೊಂಡು ಬಂದಳು. ಮಣ್ಣಿನಡಿಯಿಂದ ತೆಗೆದು ಬಡಿಗೇರರ ಹತ್ತಿರ ರಿಪೇರಿ ಮಾಡಿಸಿದ್ದೆವು. ಮೂರು ಬದಿಗೆ ಹಳೆಯ ಬಣ್ಣದ ಗಿಳಿ, ಬಳ್ಳಿ, ನಾಲ್ಕನೆಯ ಬದಿಗೆ ಬರಿಯ ಬಿಳಿ ಹಲಗೆ. ಹಗ್ಗ ಮತ್ತು ಬಿದ್ದ ಗೋಡೆಯ ಪಾಯದ ನಡುವೆ ಅದನ್ನು ಅಡ್ಡಲಾಗಿ ಇಟ್ಟಳು. ಹಿಡಿಸಲಿಲ್ಲ. ಕಾಲಿನಿಂದ ಗೂಟಗಳನ್ನು ಹಿಂದಕ್ಕೆ ದಬ್ಬಿದಳು. ತೊಟ್ಟಿಲಿಗೆ ಈಚೆ ಒಬ್ಬರು, ಆಚೆ ಒಬ್ಬರು ನಿಂತು ಹೊರುವಷ್ಟು ಜಾಗ ಆಗುವವರೆಗೆ ದಬ್ಬಿದಳು.

"ಇಷ್ಟು," ಅಂದಳು.

ಗಂಡ ಬಾಯಿ ತೆರೆದ. ಹಿತ್ತಲಲ್ಲಿ ಬಣವೆ ಹಾಕಲು ಇನ್ನು ಜಾಗವೇ ಉಳಿಯುತ್ತಿರಲಿಲ್ಲ.

"ಅಣ್ಣಾ, ಲೆಕ್ಕಾ ಹೇಳಬ್ಯಾಡ," ಅಂದಳು.

ಅವನು ಗೂಟ ಬಡಿದ. ಕಾಕಾ ಕಟ್ಟೆಯ ಮೇಲಿಂದ ಗೊಣಗಿದರು, "ಈ ಇಂಜಿನಿಯರ್ ಬಾಯಾರನ್ನ ಮೊದಲ ಕರಸಬೇಕಿತ್ತು." ಆ ಸಂಗತಿ ಆದಮೇಲೆ ನಾದಿನಿ ನಕ್ಕದ್ದು ಅದೇ ಮೊದಲು, ಅದೂ ಅರ್ಧ.

ಮನೆಯ ಹಿಂಗೋಡೆ ಎದ್ದಿತು, ಅದರ ಮೇಲೆ ಮಾಳಿಗೆ ಮತ್ತೆ ಕೂತಿತು. ಗೋಡೆಯಲ್ಲಿ ಹಿಂದೆ ಮುಚ್ಚಿದ್ದ ಕಿಟಕಿಯನ್ನು ಮಾವನವರು ಮೊದಲಿನದಕ್ಕಿಂತ ದೊಡ್ಡದಾಗಿ ಇಡಿಸಿದರು. ಗೋದಾಮು ಎದ್ದು, ಚೀಲಗಳು ಒಳಗೆ ಹೋದವು, ನಾವು ನಮ್ಮ ಮನೆಗೆ ಮರಳಿದೆವು. ಆಮೇಲೂ ಎಷ್ಟೋ ರಾತ್ರಿ ನಾನೋ ಅತ್ತೆಯೋ ಎದ್ದು ಹೋಗಿ ಗೋಡೆಗೆ ಅಂಗೈ ಇಟ್ಟು ಬರುತ್ತಿದ್ದೆವು. ಕತ್ತಲಲ್ಲಿ ಒಬ್ಬರಿಗೊಬ್ಬರು ಎದುರಾದರೆ ನೀರು ಕುಡಿಯಲು ಎದ್ದವರ ಹಾಗೆ ಸರಿದು ಹೋಗುತ್ತಿದ್ದೆವು.

ಕೂಸಿಗೆ ಹೆಸರಿಟ್ಟ ದಿನ ಬಂತು, ತಡವಾಗಿಯೇ. ತೊಟ್ಟಿಲನ್ನು ಆ ಸಂದಿಯಿಂದಲೇ ತರಬೇಕೆಂದು ನಾದಿನಿ ಅಂದಳು. ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಅವಳು ಹಿಡಿದು ಎರಡು ಗೋಡೆಗಳ ನಡುವೆ ನಡೆದೆವು. ನನ್ನ ಮೊಣಕೈ ಯಾವ ಗೋಡೆಗೂ ತಾಗಲಿಲ್ಲ. ಕೋಣೆಯಲ್ಲಿ ತೊಟ್ಟಿಲನ್ನು ಅವಳು ತಾನೇ ಹೊಸ ಗೋಡೆಯ ಬದಿಗೆ ಇಟ್ಟಳು, ಕಿಟಕಿಯ ಕೆಳಗೆ. ಕೂಸನ್ನು ಹಾಕಿದರು, ಹಾಡು ಹೇಳಿದರು, ಗುಗ್ಗರಿ ಹಂಚಿದರು. ಬಂದವರೆಲ್ಲ ಹೋದ ಮೇಲೆ ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿದ ಸಪ್ಪಳ ಕೇಳಿತು. ಪಡಸಾಲೆಯಲ್ಲಿ ನಾವೆಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಮುಂದಿನದು ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಹಿಂಡುವ ಹೊತ್ತು ಮೀರಿ ಎಮ್ಮೆ ಒದರುತ್ತಿತ್ತು, ಅದನ್ನು ಕೇಳಿಯೂ ಮನೆಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ.